ಘಾಟಿ ಹತ್ತುವಾಗ ಇಂಜಿನ್ ಹೀಟ್ ಆದರೆ: ರೇಡಿಯೇಟರ್ ಬದಲಿಸುವ ಮೊದಲು ಮುಚ್ಚಳ ನೋಡಿ

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, 90,000 ಕಿ.ಮೀ. ಓಡಿದೆ. ಊರೊಳಗೆ ತೊಂದರೆಯಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಹೊರಟರೆ ಶಿರಾಡಿ ಘಾಟಿಯ ಮೇಲ್ಭಾಗ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟುತ್ತದೆ. ಎಸಿ ಆಫ್ ಮಾಡಿದರೆ ಸ್ವಲ್ಪ ಇಳಿಯುತ್ತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವ್ ತೆಗೆದುಹಾಕಿ "ನಮ್ಮ ಹವೆಗೆ ಅದು ಬೇಡ" ಅಂದರು. ಆಮೇಲೆ ಘಾಟಿಯಲ್ಲಿ ಇನ್ನೂ ಬೇಗ ಏರುತ್ತಿದೆ. ಹದಿನೈದು ದಿನಕ್ಕೆ ಅರ್ಧ ಲೀಟರ್‌ನಷ್ಟು ನಳ್ಳಿ ನೀರು ಹಾಕಬೇಕಾಗುತ್ತದೆ. ನೆಲದ ಮೇಲೆ ಸೋರಿದ ಗುರುತಿಲ್ಲ. ಈಗ ರೇಡಿಯೇಟರ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಬೇಕೆ? ಹೀಗೇ ಓಡಿಸಿದರೆ ಏನಾಗುತ್ತದೆ?

ಉತ್ತರ: ರೇಡಿಯೇಟರ್ ಸದ್ಯಕ್ಕೆ ಬೇಡ. ಆ ಅರ್ಧ ಲೀಟರ್ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದು ಗೊತ್ತಾಗುವವರೆಗೆ ಘಾಟಿಯೂ ಬೇಡ. ಕೂಲಿಂಗ್ ವ್ಯವಸ್ಥೆ ನಾಲ್ಕೂ ಕಡೆಯಿಂದ ಮುಚ್ಚಿದ ವ್ಯವಸ್ಥೆ. ಸರಿಯಾಗಿದ್ದರೆ ವರ್ಷಕ್ಕೆ ಒಂದು ಲೋಟದಷ್ಟೂ ಕಡಿಮೆಯಾಗಬಾರದು. ಹದಿನೈದು ದಿನಕ್ಕೆ ಅರ್ಧ ಲೀಟರ್ ಹೋಗುತ್ತಿದೆ ಎಂದರೆ ಒಂದೋ ಒತ್ತಡ ನಿಲ್ಲುತ್ತಿಲ್ಲ, ಇಲ್ಲವೇ ನೀರು ಬಿಸಿಯಿದ್ದಾಗ ಮಾತ್ರ ಸೋರಿ ಅಲ್ಲಿಯೇ ಆವಿಯಾಗುತ್ತಿದೆ, ಅದೂ ಅಲ್ಲದಿದ್ದರೆ ಸಿಲಿಂಡರ್ ಒಳಗೆ ಹೋಗಿ ಸುಟ್ಟು ಹೊಗೆಯಲ್ಲಿ ಹೊರಬೀಳುತ್ತಿದೆ. ಹೊಸ ರೇಡಿಯೇಟರ್‌ನಿಂದ ಈ ಮೂರರಲ್ಲಿ ಬಹುಪಾಲು ಗುಣವಾಗುವುದಿಲ್ಲ.

ನಾನು ಮೊದಲು ಅನುಮಾನಿಸುವುದು ಮುಚ್ಚಳವನ್ನು. ರೇಡಿಯೇಟರ್ ಮೇಲಿರುವ, ಅಥವಾ ಈಚಿನ ಕಾರುಗಳಲ್ಲಿ ಕೂಲೆಂಟ್ ಬಾಟಲಿಯ ಮೇಲೆಯೇ ಇರುವ ಆ ಮುಚ್ಚಳ ಕುಕ್ಕರ್‌ನ ವೆಯ್ಟ್ ಮಾಡುವ ಕೆಲಸವನ್ನೇ ಮಾಡುತ್ತದೆ. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ಅಷ್ಟು ಬಾರ್ ಒತ್ತಡದವರೆಗೆ ಒಳಗಿನದನ್ನು ಹಿಡಿದಿಡುತ್ತದೆ ಎಂದರ್ಥ. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಮಟ್ಟವೂ ಮೇಲೇರುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 1.1 ಬಾರ್‌ನ ಮುಚ್ಚಳದ ಕೆಳಗೆ 120 ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ್ದರೆ ಇನ್ನೂ ಐದಾರು ಡಿಗ್ರಿ ಮೇಲೆ.

ಈಗ ನಿಮ್ಮ ಪ್ರಯಾಣಕ್ಕೆ ಈ ಲೆಕ್ಕ ಹಾಕಿ ನೋಡಿ. ಮುಚ್ಚಳದ ಸ್ಪ್ರಿಂಗ್ ಸೋತಿದೆ ಅಥವಾ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆ, ಒತ್ತಡ ನಿಲ್ಲುತ್ತಿಲ್ಲ ಎಂದುಕೊಳ್ಳಿ. ಎತ್ತರ ಹೆಚ್ಚಿದಂತೆ ಸುಮಾರು 300 ಮೀಟರ್‌ಗೆ ಒಂದು ಡಿಗ್ರಿಯಂತೆ ಕುದಿಯುವ ಮಟ್ಟ ಇಳಿಯುತ್ತದೆ. ಸಕಲೇಶಪುರ 900 ಮೀಟರ್‌ಗೂ ಮೇಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾಗುವುದೇ ಹೆಚ್ಚಿನ ಕಾರುಗಳಲ್ಲಿ 95ರಿಂದ 100 ಡಿಗ್ರಿಯ ನಡುವೆ! ಅಂದರೆ ನಳ್ಳಿ ನೀರು ಮತ್ತು ಸೋತ ಮುಚ್ಚಳ ಇಟ್ಟುಕೊಂಡು ಘಾಟಿ ಹತ್ತಿದರೆ, ಇಂಜಿನ್ ತನ್ನ ಮಾಮೂಲಿ ಉಷ್ಣತೆಯಲ್ಲಿದ್ದಾಗಲೇ ಸಿಲಿಂಡರ್‌ಗಳ ಮೇಲೆ ಕೂತಿರುವ ಹೆಡ್‌ನ ಒಳಗೆ ನೀರು ಕುದಿಯಲು ತೊಡಗುತ್ತದೆ. ಕುದಿದಲ್ಲಿ ಆವಿಯ ಗುಳ್ಳೆ; ಗುಳ್ಳೆ ಇದ್ದಲ್ಲಿ ಲೋಹಕ್ಕೆ ನೀರು ತಾಗುವುದಿಲ್ಲ; ಆ ಜಾಗ ಮತ್ತಷ್ಟು ಕಾಯುತ್ತದೆ. ಉಬ್ಬಿದ ನೀರು ಬಾಟಲಿಗೆ ನುಗ್ಗಿ ಓವರ್‌ಫ್ಲೋ ಪೈಪ್‌ನಿಂದ ರಸ್ತೆಯಲ್ಲಿ ಚೆಲ್ಲಿಹೋಗುತ್ತದೆ. ಮನೆಯ ಮುಂದೆ ಗುರುತು ಸಿಗದಿರುವುದಕ್ಕೂ ಊರಲ್ಲಿ ಏನೂ ಆಗದಿರುವುದಕ್ಕೂ ಈ ಒಂದು ಕಾರಣವೇ ಸಾಕಾಗಬಹುದು.

ಮುಚ್ಚಳದ ಬೆಲೆ ಕೆಲವು ನೂರು ರೂಪಾಯಿ. ಅದನ್ನು ರಿಪೇರಿ ಮಾಡುವುದಕ್ಕಿಲ್ಲ, ಬದಲಿಸುವುದಷ್ಟೇ. ಒಂದು ಮಾತು ಗಮನದಲ್ಲಿರಲಿ: ಹಳೆಯದರ ಮೇಲೆ 0.9 ಇದ್ದರೆ 0.9ರದ್ದೇ ತನ್ನಿ. "ಇನ್ನೂ ಸ್ಟ್ರಾಂಗ್ ಇರಲಿ" ಎಂದು 1.3ರದ್ದು ಹಾಕಿದರೆ ಎಂಟು ವರ್ಷದ ಹೋಸ್ ಪೈಪ್, ಹೀಟರ್ ಕೋರ್ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಭಾಗ), ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಇವುಗಳಲ್ಲಿ ಯಾವುದು ದುರ್ಬಲವೋ ಅದು ಬಿಟ್ಟುಕೊಳ್ಳುತ್ತದೆ.

ಇನ್ನು ಥರ್ಮೋಸ್ಟಾಟ್. "ನಮ್ಮ ಹವೆಗೆ ಬೇಡ" ಎಂಬ ಮಾತು ಗ್ಯಾರೇಜಿನಿಂದ ಗ್ಯಾರೇಜಿಗೆ ಹರಿದು ಬಂದಿರುವ ತಪ್ಪು ತಿಳಿವಳಿಕೆ; ಇದರಿಂದ ಹಾಳಾದ ಇಂಜಿನ್‌ಗಳು ಬಹಳ. ಥರ್ಮೋಸ್ಟಾಟ್ ಎಂದರೆ ಮೇಣ ತುಂಬಿದ ಚಿಕ್ಕ ಹಿತ್ತಾಳೆ ಗುಂಡಿ. ನೀರು 82ರಿಂದ 88 ಡಿಗ್ರಿಯ ಆಸುಪಾಸಿಗೆ ಬಂದಾಗ ಮೇಣ ಕರಗಿ ಹಿಗ್ಗಿ ವಾಲ್ವ್ ತೆರೆಯುತ್ತದೆ. ಇನ್ನೂ ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದಿರುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್ ದಾರಿಯಿಂದ ಇಂಜಿನ್‌ನೊಳಗೇ ಸುತ್ತುತ್ತದೆ. ಮುಖ್ಯ ವಿಷಯ ಇರುವುದು ಇಲ್ಲಿ. ಹಲವು ಇಂಜಿನ್‌ಗಳ ಥರ್ಮೋಸ್ಟಾಟ್‌ಗೆ ಎರಡು ತಟ್ಟೆಗಳಿರುತ್ತವೆ. ಮೇಲಿನದು ರೇಡಿಯೇಟರ್ ದಾರಿ ತೆರೆಯುವಾಗ ಕೆಳಗಿನದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತುಹಾಕಿದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಕಾದ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಪಂಪ್‌ಗೆ ವಾಪಸ್ ಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ, ಇಂಜಿನ್ ತಣ್ಣಗೇ ಓಡುತ್ತದೆ. ಎರಡನೇ ಗೇರ್‌ನಲ್ಲಿ ತುಂಬಿದ ಕಾರು ಘಾಟಿ ಏರುವಾಗ ಆ ಪಾಲು ದುಬಾರಿಯಾಗುತ್ತದೆ. ವಾಲ್ವ್ ತೆಗೆದ ಮೇಲೆ ಮುಳ್ಳು ಇನ್ನೂ ಬೇಗ ಏರುತ್ತಿದೆ ಎಂದಿದ್ದೀರಲ್ಲ, ಕಾರಣ ಬಹುಪಾಲು ಇದೇ.

ಊರೊಳಗಿನ ಓಡಾಟದಲ್ಲೂ ನಷ್ಟವಿದೆ. ಇಂಜಿನ್ 85–90 ಡಿಗ್ರಿಗೆ ಬರದೆ 60–65ರಲ್ಲೇ ಉಳಿದರೆ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, "ಇಂಜಿನ್ ಇನ್ನೂ ತಣ್ಣಗಿದೆ" ಎಂದುಕೊಂಡು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ, ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ, ಆಯಿಲ್‌ನಲ್ಲಿ ಕೂತ ತೇವ ಆವಿಯಾಗದೆ ಕೆಸರು ಕಟ್ಟುತ್ತದೆ. ಚೆಕ್ ಇಂಜಿನ್ ದೀಪ ಹತ್ತಿ ಸ್ಕ್ಯಾನರ್‌ನಲ್ಲಿ ಪಿ0128 ಎಂಬ ಕೋಡ್ ಬಂದರೂ ಆಶ್ಚರ್ಯವಿಲ್ಲ. ಕಂಪನಿ ಹೇಳಿದ ಡಿಗ್ರಿಯ ಥರ್ಮೋಸ್ಟಾಟನ್ನೇ, ಹೊಸ ಗ್ಯಾಸ್ಕೆಟ್ ಅಥವಾ ಓ-ರಿಂಗ್ ಜೊತೆ ಹಾಕಿಸಿ. ಅದರ ಅಂಚಿನಲ್ಲಿ ಗಾಳಿ ಹೊರಬರಲು ಪುಟ್ಟ ತೂತು ಅಥವಾ ಅಲ್ಲಾಡುವ ಪಿನ್ ಇರುತ್ತದೆ. ಸಾಮಾನ್ಯವಾಗಿ ಅದು ಮೇಲ್ಮುಖವಾಗಿ ಬರಬೇಕು. ಹಾಕುವ ಮುನ್ನ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ನೀರು ಕಾಯಿಸಿ, ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಬಹುದು. ಐದು ನಿಮಿಷದ ಕೆಲಸ.

ಮುಚ್ಚಳ, ವಾಲ್ವ್ ಎರಡೂ ಸರಿಯಾದ ಮೇಲೂ ನೀರು ಕಡಿಮೆಯಾದರೆ ಮುಂದಿನದು ಪ್ರೆಶರ್ ಟೆಸ್ಟ್. ತಣ್ಣಗಿರುವ ಇಂಜಿನ್‌ಗೆ ಮುಚ್ಚಳದ ಜಾಗದಲ್ಲಿ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು, ಹದಿನೈದು ನಿಮಿಷ ಬಿಡುತ್ತಾರೆ. ಪಂಪ್‌ನ ಒತ್ತಡದ ಮುಳ್ಳು ಇಳಿಯಬಾರದು. ಇಳಿದರೆ ಟಾರ್ಚ್ ಹಿಡಿದು ಹುಡುಕಬೇಕು. ವಾಟರ್ ಪಂಪ್‌ನ ಶಾಫ್ಟ್ ಕೆಳಗೆ ಒಂದು ಚಿಕ್ಕ ತೂತಿರುತ್ತದೆ. ಪಂಪ್‌ನ ಸೀಲ್ ಸವೆದರೆ ನೀರು ಅಲ್ಲಿಂದ ಜಿನುಗಿ ಬಿಸಿ ಬ್ಲಾಕ್ ಮೇಲೆ ಒಣಗಿ ಬಿಳಿ ಅಥವಾ ಹಸಿರು ಕಲೆ ಉಳಿಸುತ್ತದೆ. ರೇಡಿಯೇಟರ್‌ನ ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿದ ಅಂಚಿನಲ್ಲೂ ಇಂಥದೇ ಕಲೆ ಸಿಗುತ್ತದೆ. ಕಾರಿನೊಳಗೆ ಸಿಹಿ ವಾಸನೆ, ಮುಂದಿನ ಗಾಜಿನ ಒಳಗೆ ಎಣ್ಣೆಯಂಥ ಮಂಜು, ಎಡಗಡೆ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆ ಇದ್ದರೆ ಹೀಟರ್ ಕೋರ್ ಸೋರುತ್ತಿದೆ. ಕರಾವಳಿಯಲ್ಲಿ ಹೀಟರ್ ಯಾರೂ ಹಾಕದ ಕಾರಣ ಇದನ್ನು ನೋಡುವವರೇ ಕಡಿಮೆ.

ಹೊರಗೆಲ್ಲೂ ಸೋರಿಕೆ ಕಾಣದೆ ಒತ್ತಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಇಂಜಿನ್ ಬ್ಲಾಕ್ ನಡುವಿನ ಸೀಲ್) ಕಡೆ ತಿರುಗಬೇಕು. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಬಾಟಲಿಯಲ್ಲಿ ಸತತವಾಗಿ ಗುಳ್ಳೆ ಏಳುತ್ತಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದಿದ್ದರೆ, ನಾಲ್ಕು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿದ್ದರೆ ಅನುಮಾನ ಬಲವಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕಾರು ಮುಟ್ಟಬೇಡಿ, ಟೋ ಮಾಡಿಸಿ. ಖಚಿತಪಡಿಸಿಕೊಳ್ಳಲು ಬ್ಲಾಕ್ ಟೆಸ್ಟ್ ಇದೆ: ರೇಡಿಯೇಟರ್ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುತ್ತಾರೆ. ಪೆಟ್ರೋಲ್ ಇಂಜಿನ್‌ನಲ್ಲಿ ದ್ರಾವಣ ಹಳದಿಗೆ ತಿರುಗಿದರೆ ದಹನದ ಹೊಗೆ ನೀರಿಗೆ ಸೇರುತ್ತಿದೆ ಎಂದರ್ಥ. ಹೆಡ್ ಬಿಚ್ಚುವ ದೊಡ್ಡ ಖರ್ಚಿಗೆ ಒಪ್ಪುವ ಮುನ್ನ ಈ ಟೆಸ್ಟ್ ಮಾಡಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಹೀಗೇ ಓಡಿಸಿದರೆ ಏನಾಗುತ್ತದೆ ಎಂದಿದ್ದೀರಿ. ಪೆಟ್ರೋಲ್ ಸುಟ್ಟಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕೂಲೆಂಟ್ ಹೊತ್ತು ಹೊರಹಾಕಬೇಕು. ಅದು ತಪ್ಪಿದರೆ ಮೊದಲು ಏಟು ತಿನ್ನುವುದು ಸಿಲಿಂಡರ್ ಹೆಡ್, ಅದರಲ್ಲೂ ಎರಡು ಎಕ್ಸಾಸ್ಟ್ ವಾಲ್ವ್‌ಗಳ ನಡುವಿನ ತೆಳು ಜಾಗ. ಹೆಡ್ ಅಲ್ಯೂಮಿನಿಯಂನದು. ಬ್ಲಾಕ್ ಬೀಡುಕಬ್ಬಿಣದ್ದಾಗಿದ್ದರೆ ಹೆಡ್ ಅದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟ್‌ಗಳು ಬಿಗಿದು ಹಿಡಿದಿರುವುದರಿಂದ ಹಿಗ್ಗಲು ದಾರಿಯಿಲ್ಲದೆ ಬಾಗುತ್ತದೆ. ಹೆಡ್‌ನ ತಳ ಎಷ್ಟು ಮಟ್ಟಸವಾಗಿರಬೇಕು ಎಂಬುದಕ್ಕೆ ಬಹಳಷ್ಟು ಸಣ್ಣ ಇಂಜಿನ್‌ಗಳಲ್ಲಿ ಕೊಟ್ಟಿರುವ ಮಿತಿ 0.05 ಮಿ.ಮೀ. ಆಸುಪಾಸು, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಲ್ಲ. ಅದನ್ನು ದಾಟಿದರೆ ಹೊಸ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ, ಲೇತ್‌ಗೆ ಕೊಟ್ಟು ಫೇಸಿಂಗ್ ಮಾಡಿಸಬೇಕು. ಅಷ್ಟರಲ್ಲಿ ಆಯಿಲ್ ತೆಳುವಾಗಿ ಪಿಸ್ಟನ್ ಗೀರಿದ್ದರೆ ಇಂಜಿನ್ ಸೀಜ್. ಮುಳ್ಳು ಕೆಂಪಿನಲ್ಲಿದ್ದಾಗ "ಇನ್ನೇನು ಎರಡು ಕಿ.ಮೀ., ಹೋಟೆಲ್ ಬಂತು" ಎಂದು ಓಡಿಸಿದ ಆ ಎರಡು ಕಿ.ಮೀ. ಸಾಕು.

ಮುಳ್ಳನ್ನು ಪೂರ್ತಿ ನಂಬಬೇಡಿ ಎಂದೂ ಹೇಳಬೇಕು. ಈಚಿನ ಬಹಳಷ್ಟು ಕಾರುಗಳಲ್ಲಿ ಸುಮಾರು 75ರಿಂದ 105 ಡಿಗ್ರಿಯವರೆಗೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಅದು ಅಲುಗಾಡಿತು ಎಂದರೆ ಆಗಲೇ ತಡವಾಗಿದೆ. ಇನ್ನೂ ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ತಣ್ಣಗಿರುವಾಗ ನೀಲಿ ದೀಪ, ಮಿತಿಮೀರಿದಾಗ ಕೆಂಪು ದೀಪ ಅಷ್ಟೇ. ಅದಕ್ಕಿಂತ ಅಪಾಯದ್ದು ಮತ್ತೊಂದಿದೆ: ಸೆನ್ಸರ್ ಅಳೆಯುವುದು ನೀರಿನ ಬಿಸಿಯನ್ನು. ನೀರು ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತದೆ. ಒಳಗೆ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿದ್ದ ಮುಳ್ಳು ದಿಢೀರನೆ ಇಳಿದರೆ ಸಮಾಧಾನಪಡಬೇಡಿ, ಇಂಜಿನ್ ಆಫ್ ಮಾಡಿ. ಓಬಿಡಿ ಪೋರ್ಟ್‌ಗೆ (ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸುವ ಜಾಗ) ಹಾಕುವ ಬ್ಲೂಟೂತ್ ಅಡಾಪ್ಟರ್ ಅಗ್ಗಕ್ಕೇ ಸಿಗುತ್ತದೆ. ಮೊಬೈಲ್‌ನಲ್ಲಿ ನಿಜವಾದ ಡಿಗ್ರಿ ಕಾಣಿಸುತ್ತದೆ. ನಿಮ್ಮಂಥ ಸಮಸ್ಯೆ ಇರುವವರಿಗೆ ಇದಕ್ಕಿಂತ ಉಪಯೋಗದ ವಸ್ತು ಇಲ್ಲ. ಘಾಟಿಯಲ್ಲಿ 100–105 ತೋರಿಸಿದರೆ ಗಾಬರಿ ಬೇಡ. 110 ದಾಟಿದರೆ ನಿಲ್ಲಿಸಲು ಜಾಗ ನೋಡಿ.

ನಿಲ್ಲಿಸುವಾಗ ಹೇಗೆ? ಮುಳ್ಳು ಏರುತ್ತಿದೆ, ಆದರೆ ಕೆಂಪಿಗೆ ಬಂದಿಲ್ಲ, ಹಬೆಯೂ ಇಲ್ಲ ಎಂದಾದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಸೆಕೆಯಲ್ಲಿ ಇದು ಹಿಂಸೆ ಅನಿಸುತ್ತದೆ ನಿಜ. ಆದರೆ ಹೀಟರ್ ಕೋರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಐಡಲ್‌ನಲ್ಲಿ ಬಿಟ್ಟು, ಫ್ಯಾನ್ ತಿರುಗುತ್ತಿದೆಯೇ ಕೇಳಿಸಿಕೊಳ್ಳಿ. ಮುಳ್ಳು ಇಳಿಯತೊಡಗಿದರೆ ಹಾಗೆಯೇ ತಣಿಯಲು ಬಿಡಿ. ಒಮ್ಮೆಲೇ ಆಫ್ ಮಾಡಿದರೆ ಪಂಪ್ ನಿಂತು ಹೆಡ್‌ನಲ್ಲಿರುವ ನೀರು ಅಲ್ಲಿಯೇ ಕುದಿಯುತ್ತದೆ. ಆದರೆ ಕೆಂಪು ತಲುಪಿದ್ದರೆ, ಹಬೆ ಬರುತ್ತಿದ್ದರೆ, ಹೋಸ್ ಒಡೆದಿದ್ದರೆ, ಬೆಲ್ಟ್ ತುಂಡಾಗಿ ಬ್ಯಾಟರಿ ದೀಪವೂ ಹತ್ತಿದ್ದರೆ ಆ ಕ್ಷಣವೇ ಆಫ್ ಮಾಡಿ. ಪಂಪ್ ತಳ್ಳಲು ನೀರೇ ಇಲ್ಲದಾಗ ಐಡಲ್‌ನಿಂದ ಪ್ರಯೋಜನವಿಲ್ಲ.

ಮುಚ್ಚಳವನ್ನು ಕನಿಷ್ಠ 45 ನಿಮಿಷ ಮುಟ್ಟಬೇಡಿ. ಒಳಗೆ 110 ಡಿಗ್ರಿಯ ನೀರು ಒತ್ತಡದಿಂದಷ್ಟೇ ನೀರಾಗಿ ಉಳಿದಿರುತ್ತದೆ. ಮುಚ್ಚಳ ಸಡಿಲವಾದ ಕೂಡಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಮುಖ, ಕತ್ತು, ಕೈ ಸುಟ್ಟುಕೊಂಡು ಆಸ್ಪತ್ರೆ ಸೇರುವವರು ಹೀಗೇ ಅವಸರ ಮಾಡಿದವರು. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಿ, ಹಿಸುಕಿದರೆ ಮೆತ್ತಗಿದ್ದ ಮೇಲೆ, ದಪ್ಪ ಬಟ್ಟೆ ಮುಚ್ಚಿ, ಮುಖ ದೂರವಿಟ್ಟು, ಕಾಲು ಸುತ್ತು ತಿರುಗಿಸಿ ಬುಸ್ ಎನ್ನುವುದು ನಿಲ್ಲುವವರೆಗೆ ಕಾಯಿರಿ. ಬಿಸಿ ಇಂಜಿನ್‌ಗೆ ಹೊರಗಿನಿಂದ ಬಕೆಟ್ ನೀರು ಎರಚುವುದು, ಒಳಗೆ ತಣ್ಣೀರು ಸುರಿಯುವುದು ಎರಡೂ ಬೇಡ. ಹೆಡ್ ಬಿರುಕು ಬಿಡುತ್ತದೆ. ತಣಿದ ಮೇಲೆ ತುರ್ತಿಗೆ ಕುಡಿಯುವ ನೀರು ತುಂಬಿ ಹತ್ತಿರದ ಗ್ಯಾರೇಜ್‌ವರೆಗೆ ನಿಧಾನ ಹೋಗಬಹುದು. ಅದು ಆ ಹೊತ್ತಿನ ಉಪಾಯ ಮಾತ್ರ.

ಯಾಕೆಂದರೆ ನಳ್ಳಿ ನೀರು, ಅದಕ್ಕಿಂತ ಹೆಚ್ಚಾಗಿ ಬೋರ್‌ವೆಲ್ ನೀರು, ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಕೋಲಾರ, ತುಮಕೂರು ಕಡೆಯ ಗಡಸು ನೀರಿನಲ್ಲಿ ಪಾತ್ರೆಯ ತಳಕ್ಕೆ ಅಂಟುವ ಬಿಳಿ ಪದರವನ್ನು ಎಲ್ಲರೂ ನೋಡಿದ್ದೀರಿ. ರೇಡಿಯೇಟರ್ ಕೊಳವೆಗಳೊಳಗಿನ ಸಂದು ಒಂದೆರಡು ಮಿ.ಮೀ. ಮಾತ್ರ. ಅಲ್ಲಿ ಆ ಪದರ ಕೂತರೆ ಹರಿವೂ ಕಡಿಮೆ, ಶಾಖ ದಾಟುವುದೂ ಕಡಿಮೆ. ನೀರಿನಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಂ ಅನ್ನು ತೂತು ತೂತಾಗಿ ತಿನ್ನುತ್ತದೆ, ಪಂಪ್‌ನ ರೆಕ್ಕೆಗಳು ತುಕ್ಕಿನಲ್ಲಿ ಸವೆಯುತ್ತವೆ. ಹಿಮ ಬೀಳದ ನಮ್ಮಲ್ಲಿ ಕೂಲೆಂಟ್ ಯಾಕೆ ಎನ್ನುವವರಿಗೆ ಉತ್ತರ ಇದು: ಶಾಖ ಹೊರುವುದರಲ್ಲಿ ಬರೀ ನೀರೇ ಕೂಲೆಂಟ್‌ನಲ್ಲಿರುವ ಗ್ಲೈಕಾಲ್‌ಗಿಂತ ಮೇಲು; ಆದರೆ ತುಕ್ಕು ತಡೆಯುವ, ಪಂಪ್ ಸೀಲ್ ಕಾಯುವ ರಾಸಾಯನಿಕಗಳು ಇರುವುದು ಕೂಲೆಂಟ್‌ನಲ್ಲಿ. ಹಾಗಾಗಿ 50:50, ಗರಿಷ್ಠ 60 ಪಾಲು ಕೂಲೆಂಟ್. ಅದಕ್ಕಿಂತ ಹೆಚ್ಚು ಹಾಕಿದರೆ ತಂಪಾಗಿಸುವ ಶಕ್ತಿ ಕುಗ್ಗುತ್ತದೆ. ರೆಡಿ ಮಿಕ್ಸ್ ತಂದಿದ್ದರೆ ಅದಕ್ಕೆ ನೀರು ಬೆರೆಸಬೇಡಿ. ಕಾನ್ಸಂಟ್ರೇಟ್ ಆದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬೆರೆಸಿ. ಅಲ್ಲಿ ಆಸಿಡ್ ಕೊಡದಂತೆ ಕೇಳಿ ತನ್ನಿ. ಬಣ್ಣ ನೋಡಿ ಕೂಲೆಂಟ್ ಆರಿಸುವುದು ತಪ್ಪು. ಹಸಿರು, ಕೆಂಪು, ನೀಲಿ ಇವೆಲ್ಲ ತಯಾರಕರು ಹಾಕುವ ಬಣ್ಣ ಅಷ್ಟೇ. ಮ್ಯಾನುವಲ್‌ನಲ್ಲಿ ಹೇಳಿದ ದರ್ಜೆಯನ್ನೇ ಡಬ್ಬದ ಮೇಲೆ ಹುಡುಕಿ. ಬೇರೆ ಬೇರೆ ಬಗೆ ಬೆರೆತರೆ ರಕ್ಷಣೆ ಕಳೆದುಕೊಳ್ಳುತ್ತವೆ, ಕೆಲವೊಮ್ಮೆ ಗಸಿ ಕಟ್ಟುತ್ತವೆ.

ನಿಮ್ಮ ಕಾರಿನಲ್ಲಿ ಈಗ ಬರೀ ನೀರಿರುವುದರಿಂದ ಪೂರ್ತಿ ಇಳಿಸಿ ತುಂಬಬೇಕು. ತಣ್ಣಗಿರುವಾಗ ಕೆಳಗಿನ ಡ್ರೈನ್ ಪ್ಲಗ್ ಅಥವಾ ಕೆಳಗಿನ ಹೋಸ್ ಬಿಚ್ಚಿ ಬೇಸಿನ್‌ಗೆ ಇಳಿಸಿ. ಡಿಸ್ಟಿಲ್ಡ್ ವಾಟರ್ ತುಂಬಿ, ಇಂಜಿನ್ ಬಿಸಿ ಮಾಡಿ, ತಣಿಸಿ, ಮತ್ತೆ ಇಳಿಸಿ. ಬರುವ ನೀರು ತಿಳಿಯಾಗುವವರೆಗೆ ಹೀಗೆ ಮಾಡಿ. ಚಿಕ್ಕ ಹ್ಯಾಚ್‌ಬ್ಯಾಕ್‌ಗಳಿಗೆ ಒಟ್ಟು 4ರಿಂದ 6 ಲೀಟರ್ ಹಿಡಿಸುತ್ತದೆ. ಆದರೆ ಒಂದಷ್ಟು ನೀರು ಬ್ಲಾಕ್ ಮತ್ತು ಹೀಟರ್‌ನಲ್ಲೇ ಉಳಿಯುತ್ತದೆ. ಆದ್ದರಿಂದ ಕೊನೆಯ ಬಾರಿ ತುಂಬುವಾಗ ಮೊದಲು ಒಟ್ಟು ಪ್ರಮಾಣದ ಅರ್ಧದಷ್ಟು ಕಾನ್ಸಂಟ್ರೇಟ್ ಹಾಕಿ, ಆಮೇಲೆ ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಪಾಲು ಸರಿಹೋಗುತ್ತದೆ. ಏರ್ ಲಾಕ್ ಆಗದಿರಲು ಕಾರಿನ ಮೂತಿ ಏರಿನಲ್ಲಿರುವಂತೆ ನಿಲ್ಲಿಸಿ, ಹೀಟರ್ ಬಿಸಿಗೆ ತಿರುಗಿಸಿ, ನಿಧಾನ ಸುರಿಯಿರಿ. ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಂತು ನೀರು ಬರುವವರೆಗೆ ತೆರೆದಿಡಿ. ಮುಚ್ಚಳ ಹಾಕಿ ಐಡಲ್‌ನಲ್ಲಿ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಡಿ. ಬ್ಲೋವರ್‌ನಿಂದ ಬಿಸಿ ಗಾಳಿ ಬರುತ್ತಿರಬೇಕು; ತಣ್ಣಗೆ ಬಂದರೆ ಗಾಳಿ ಇನ್ನೂ ಒಳಗಿದೆ. ಮರುದಿನ ಬೆಳಗ್ಗೆ ಮಟ್ಟ ನೋಡಿ ತುಂಬಿಸಿ. ಇಳಿಸಿದ ಕೂಲೆಂಟನ್ನು ಚರಂಡಿಗೆ ಸುರಿಯಬೇಡಿ, ಬೇಸಿನ್‌ನಲ್ಲಿ ಬಿಡಲೂ ಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಕಿಡ್ನಿಗೆ ವಿಷ. ನಾಯಿ ನೆಕ್ಕಿದರೂ ಮಕ್ಕಳು ಕುಡಿದರೂ ತಕ್ಷಣ ಚಿಕಿತ್ಸೆ ಬೇಕು. ಡಬ್ಬಕ್ಕೆ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಸ್ಟಾಪ್ ಲೀಕ್ ಪುಡಿ ಹಾಕುತ್ತೇವೆ ಎಂದರೆ ಬೇಡ ಎನ್ನಿ. ಸೋರುವ ತೂತನ್ನು ಮುಚ್ಚುವ ಪುಡಿ ಹೀಟರ್ ಕೋರ್‌ನಲ್ಲಿ ನೀರು ಹರಿಯುವ ಸಣ್ಣ ದಾರಿಗಳನ್ನೂ ಮುಚ್ಚುತ್ತದೆ.

ಫ್ಯಾನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫ್ಯಾನ್, ರಿಲೇ, ಫ್ಯೂಸ್ ಕೆಟ್ಟಿದ್ದರೆ ಮುಳ್ಳು ಏರಬೇಕಾದದ್ದು ಟ್ರಾಫಿಕ್‌ನಲ್ಲಿ ನಿಂತಾಗ. ವೇಗ ಹಿಡಿದರೆ ಗಾಳಿ ಬಡಿದು ಇಳಿಯುತ್ತದೆ. ನಿಮ್ಮದು ತದ್ವಿರುದ್ಧ. ಆದರೂ ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗುತ್ತದೆಯೇ, ಎರಡು ಸ್ಪೀಡ್ ಇರುವ ಕಾರಾದರೆ ಎರಡೂ ಬರುತ್ತವೆಯೇ ನೋಡಿಕೊಳ್ಳಿ. ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುವಾಗ ಫ್ಯಾನ್ ಬೇಕೇ ಬೇಕು. ಹಾಗೆ ಹತ್ತುವಾಗ ಮೂರನೇ ಗೇರ್‌ನಲ್ಲಿ 1,500 ಆರ್‌ಪಿಎಂಗೆ ಗೊರಗೊರ ಎನ್ನಿಸುವುದಕ್ಕಿಂತ ಎರಡನೇ ಗೇರ್‌ನಲ್ಲಿ 2,500–3,000ದಲ್ಲಿ ಹೋಗುವುದು ಒಳ್ಳೆಯದು. ಪಂಪ್ ತಿರುಗುವುದು ಇಂಜಿನ್ ವೇಗದಲ್ಲಿ. ನಿಧಾನವಾದರೆ ನೀರೂ ನಿಧಾನ.

ಇಷ್ಟೆಲ್ಲ ಆದ ಮೇಲೆ ಓಬಿಡಿ ಹಾಕಿಕೊಂಡು ಘಾಟಿ ಹತ್ತಿ. ನೀರಿನ ಮಟ್ಟ ಕದಲದೆ ಉಷ್ಣತೆ 105ರೊಳಗೆ ನಿಂತರೆ ಕೆಲಸ ಮುಗಿಯಿತು. ಮಟ್ಟ ಸರಿಯಾಗಿದ್ದೂ 110 ದಾಟಿದರೆ ಆಗ ರೇಡಿಯೇಟರ್ ಮೇಲೆ ಅನುಮಾನ ಪಡಿ. ಅದಕ್ಕೂ ಎರಡು ಪರೀಕ್ಷೆ ಇವೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿನಲ್ಲಿ ಟಾರ್ಚ್ ಬಿಟ್ಟು ನೋಡಿ: ಎಂಟು ವರ್ಷದ ಹುಳು, ಹತ್ತಿ, ಕೆಸರು ಅಲ್ಲಿ ಚಾಪೆಯಂತೆ ಕೂತಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಸಿ. ಸರ್ವಿಸ್ ಸ್ಟೇಷನ್‌ನ ಜೆಟ್ ಹತ್ತಿರ ಹಿಡಿದರೆ ಫಿನ್‌ಗಳು ಮಲಗಿಬಿಡುತ್ತವೆ. ಎರಡನೆಯದು, ಬಿಸಿ ಇಂಜಿನ್ ಆಫ್ ಮಾಡಿ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಕೋರ್‌ನ ಉದ್ದಗಲಕ್ಕೂ ಅಳೆಸಿ. ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಸಮನಾಗಿ ಇಳಿಯುತ್ತಾ ಹೋಗಬೇಕು. ನಡುನಡುವೆ ತಣ್ಣನೆಯ ಪಟ್ಟಿಗಳು ಸಿಕ್ಕರೆ ಆ ಕೊಳವೆಗಳು ಸುಣ್ಣ ತುಂಬಿ ಮುಚ್ಚಿವೆ, ಆಗ ರೇಡಿಯೇಟರ್ ಬದಲಿಸಿ. ಕೂರಿಸುವಾಗ ಅದರ ಸುತ್ತ ಇರುವ ಫೋಮ್ ಪಟ್ಟಿ ಮತ್ತು ಫ್ಯಾನ್‌ನ ಪ್ಲಾಸ್ಟಿಕ್ ಕವರ್ ಬಿಡದೆ ಹಾಕಿಸಿ. ಅವಿಲ್ಲದಿದ್ದರೆ ಗಾಳಿ ಫಿನ್‌ಗಳ ನಡುವೆ ಹಾಯದೆ ಪಕ್ಕದಿಂದ ನುಸುಳಿಹೋಗುತ್ತದೆ, ಹೊಸ ರೇಡಿಯೇಟರ್ ಇದ್ದೂ ಮುಳ್ಳು ಅದೇ ಜಾಗಕ್ಕೆ ಏರುತ್ತದೆ.